ಭೂಗೋಳದ ತರಗತಿಯಲ್ಲಿ ಹೊಸ ಸಾಧನಗಳು: ಹೊಸ ಉಪಾಧ್ಯಾಯರಿಗೆ ಕೆಲವು ಸೂಚನೆಗಳು

ಭೂಗೋಳಶಾಸ್ತ್ರವು ಕಣ್ಣಿಗೆ ಕಾಣುವ ವಸ್ತುವನ್ನೇ ಕುರಿತ ವಿದ್ಯೆಯಾಗಿದ್ದರೂ ಆ ವಸ್ತುವನ್ನು ತರಗತಿಯೊಳಕ್ಕೆ ತರಲಾಗದ ವಿದ್ಯೆ. ರಸಾಯನಶಾಸ್ತ್ರದ ಉಪಾಧ್ಯಾಯರು ಪ್ರನಾಳದಲ್ಲಿ ಆಮ್ಲವನ್ನು ತಂದು ತೋರಿಸಬಲ್ಲರು. ಜೀವಶಾಸ್ತ್ರದವರು ಬೇಲಿಯ ದಾಸವಾಳವನ್ನು ಕಿತ್ತು ತಂದು ಎಸಳು ಬಿಡಿಸಿ ಪಾಠ ಹೇಳಬಲ್ಲರು. ಸಹ್ಯಾದ್ರಿಯನ್ನಾಗಲಿ ನೈಋತ್ಯ ಮಾರುತವನ್ನಾಗಲಿ ಮೇಜಿನ ಮೇಲೆ ತಂದಿರಿಸುವ ಉಪಾಯವು ಭೂಗೋಳದ ಉಪಾಧ್ಯಾಯರಿಗೆ ಎಂದೂ ಇದ್ದುದಿಲ್ಲ. ಗೋಡೆಯ ಮೊಳೆಗೆ ತೂಗಿದ ಭೂಪಟ, ಅಕ್ಷದಿಂದ ಸಡಿಲಗೊಂಡು ವಾಲಿದ ಗೋಳ, ಕರಿಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಿಂದ ಎಳೆದ ನದಿಗಳು, ಇವಿಷ್ಟನ್ನೇ ನಂಬಿಕೊಂಡು ನಮ್ಮ ಹಿರಿಯ ಮೇಷ್ಟ್ರುಗಳು ಭೂಮಂಡಲವನ್ನೆಲ್ಲ ಬೋಧಿಸಿದರು. ಇಂದು ಆ ಕೊಠಡಿಗೆ ಸ್ಮಾರ್ಟ್ ಟಿವಿ, ಪ್ರೊಜೆಕ್ಟರು, ಲ್ಯಾಪ್‌ಟಾಪುಗಳು ಬಂದಿವೆ. ಪಠ್ಯಪುಸ್ತಕದ ಪುಟಗಳಲ್ಲಿ ಕ್ಯೂಆರ್ ಕೋಡ್ ಅಚ್ಚಾಗಿದ್ದು, ಅದಕ್ಕೆ ಫೋನು ಹಿಡಿದೊಡನೆ 2017ರಲ್ಲಿ ಆರಂಭವಾದ ‘ದೀಕ್ಷಾ’ ವೇದಿಕೆಯ ಪಾಠ ತೆರೆದುಕೊಳ್ಳುತ್ತದೆ. “ನೀವು ಹೊಸಬರು, ಕಂಪ್ಯೂಟರ್ ಬಲ್ಲವರು, ಇದನ್ನೆಲ್ಲ ನೀವೇ ನೋಡಿಕೊಳ್ಳಿ” ಎಂದು ಮುಖ್ಯೋಪಾಧ್ಯಾಯರು ಸ್ಮಾರ್ಟ್ ಕ್ಲಾಸಿನ ಬೀಗದ ಕೈಯನ್ನು ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಒಪ್ಪಿಸಿಬಿಡುವುದು ಈಗ ವಾಡಿಕೆ. ಹಾಗೆ ಬೀಗದ ಕೈ ಪಡೆದು, ಸಾಗರ ತಾಲ್ಲೂಕಿನಲ್ಲಿ ಶರಾವತಿಯ ಹಿನ್ನೀರಿಗೆ ಸಮೀಪದ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನದ ಪಾಠಕ್ಕೆ ನಿಂತವರಲ್ಲಿ ನಾನೂ ಒಬ್ಬನಾದುದರಿಂದ, ಅಲ್ಲಿ ಕಂಡುಕೊಂಡ ಕೆಲವು ಸಂಗತಿಗಳನ್ನು ನನ್ನಂತೆಯೇ ಹೊಸದಾಗಿ ನಿಲ್ಲುವವರ ಉಪಯೋಗಕ್ಕೆಂದು ಇಲ್ಲಿ ಕ್ರಮವಾಗಿ ಬರೆದಿಡುತ್ತೇನೆ.

ದೂರದ ಚಿತ್ರವನ್ನು ಹಳ್ಳಿಯ ಶಾಲೆಗೆ ತರಿಸುವ ಸಾಹಸವೇನೂ ನಮ್ಮ ನಾಡಿಗೆ ಹೊಸತಲ್ಲ. 1975ರ ಆಗಸ್ಟ್ ತಿಂಗಳಿನಿಂದ ಒಂದು ವರ್ಷಕಾಲ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ನಡೆದ ಉಪಗ್ರಹ ಶೈಕ್ಷಣಿಕ ದೂರದರ್ಶನ ಪ್ರಯೋಗದಲ್ಲಿ ನಮ್ಮ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಸೇರಿದ್ದವು. 2004ರ ಸೆಪ್ಟೆಂಬರಿನಲ್ಲಿ ಹಾರಿದ ಎಡುಸ್ಯಾಟ್ ಉಪಗ್ರಹದ ಪಾಠಗಳು ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ತಲುಪಿದವು. ಆದರೆ ಅಂದಿನ ಮಗುವಿಗೆ ಇದ್ದುದು ಎದುರಿಗೆ ಬಂದುದನ್ನು ನೋಡುವ ಅವಕಾಶ ಮಾತ್ರ; ಇಂದಿನ ಮಗು ಆ ಚಿತ್ರವನ್ನು ತಿರುಗಿಸಬಲ್ಲದು, ಅದರ ಮೇಲೆ ಗೆರೆ ಎಳೆಯಬಲ್ಲದು, ದೂರ ಅಳೆಯಬಲ್ಲದು, ಕಳೆದ ವರ್ಷಗಳ ಚಿತ್ರವನ್ನು ಕರೆಯಿಸಿಕೊಳ್ಳಬಲ್ಲದು. ಈ ಅವಕಾಶವನ್ನು ಬಿಟ್ಟು, ಮಕ್ಕಳನ್ನು ಮತ್ತೆ ಕೇವಲ ನೋಡುವವರನ್ನಾಗಿ ಕೂರಿಸುವುದಾದರೆ ಅಷ್ಟು ಹಣ ಸುರಿದು ತಂದ ಯಂತ್ರಕ್ಕೂ ಗೋಡೆಯ ಭೂಪಟಕ್ಕೂ ಹೆಚ್ಚಿನ ಅಂತರವಿರದು. ಆದುದರಿಂದ ನಾನು ಪಾಠಗಳಿಗೆಲ್ಲ ಒಂದೇ ಕ್ರಮವನ್ನು ಇಟ್ಟುಕೊಂಡಿದ್ದೇನೆ: ತೆರೆಯನ್ನು ಬೆಳಗಿಸುವ ಮುನ್ನ ಊಹೆ, ಬೆಳಗಿಸಿದ ಮೇಲೆ ನೋಟ, ನೋಡಿದ ಮೇಲೆ ಅಳತೆ. ಮುಂದೆ ಹೇಳುವುದೆಲ್ಲವೂ ಈ ಕ್ರಮದ ವಿವರಣೆಯೇ.

ಪಾಠಕ್ಕೆ ಮುನ್ನ

ಮೊದಲು ಕೊಠಡಿಯ ವಿಚಾರ. ನಮ್ಮ ಹಳೆಯ ಶಾಲಾ ಕೊಠಡಿಗಳು ಗಾಳಿಬೆಳಕಿಗೆಂದು ಕಟ್ಟಿದವು. ಪ್ರೊಜೆಕ್ಟರಿನ ಚಿತ್ರಕ್ಕೆ ಆ ಬೆಳಕೇ ವೈರಿ. ಪೂರ್ವದ ಕಿಟಕಿಯ ಕೊಠಡಿಯಾದರೆ ಭೂಗೋಳದ ಪಾಠವನ್ನು ಮಧ್ಯಾಹ್ನದ ಅವಧಿಗೆ ಕೇಳಿ ಪಡೆಯುವುದು, ಕಿಟಕಿಗೆ ದಪ್ಪ ಬಟ್ಟೆಯ ಪರದೆ ಹಾಕಿಸುವುದು, ತೆರೆಯನ್ನು ಕರಿಹಲಗೆಯ ಮೇಲೆಯೇ ಇಳಿಬಿಡದೆ ಅದರ ಪಕ್ಕದಲ್ಲಿ ಕಟ್ಟುವುದು, ಈ ಮೂರು ಏರ್ಪಾಡುಗಳು ಹೆಚ್ಚಿನ ವೆಚ್ಚವಿಲ್ಲದೆ ಬಹಳ ಉಪಕಾರ ಮಾಡುತ್ತವೆ. ಕರಿಹಲಗೆ ಖಾಲಿ ಇರಬೇಕೆಂಬುದು ಮುಖ್ಯ. ತೆರೆಯ ಮೇಲೆ ಕಂಡುದನ್ನು ಆಗಿಂದಾಗ್ಗೆ ಹಲಗೆಯ ಮೇಲೆ ಗೆರೆಗಳಲ್ಲಿ ಸಂಗ್ರಹಿಸದಿದ್ದರೆ ಚಿತ್ರವು ಕಣ್ಣಿನ ಮುಂದೆ ಹರಿದುಹೋಗುತ್ತದೆಯೇ ಹೊರತು ಮನಸ್ಸಿನಲ್ಲಿ ನಿಲ್ಲುವುದಿಲ್ಲ.

ಮಲೆನಾಡಿನಲ್ಲಿ ಜೂನ್ ತಿಂಗಳಿನಿಂದ ಸೆಪ್ಟೆಂಬರಿನವರೆಗೆ ಕರೆಂಟೂ ನೆಟ್‌ವರ್ಕೂ ಮಳೆಯ ಮರ್ಜಿಯಲ್ಲಿರುತ್ತವೆ. ಬೇಕಾದ ಚಿತ್ರಗಳನ್ನು ಹಿಂದಿನ ಸಂಜೆಯೇ ನೆಟ್‌ವರ್ಕ್ ಸಿಗುವ ಕಡೆ ಕುಳಿತು ತೆರೆದು, ತೋರಿಸಬೇಕಾದ ಕ್ರಮದಲ್ಲಿ ಸ್ಕ್ರೀನ್‌ಶಾಟ್ ತೆಗೆದು ಪೆನ್‌ಡ್ರೈವಿನಲ್ಲಿ ಇಟ್ಟುಕೊಳ್ಳತಕ್ಕದ್ದು. ಕರೆಂಟು ಹೋದರೆ ಪಾಠ ನಿಲ್ಲದಂತೆ ಅದೇ ಚಿತ್ರಗಳಲ್ಲಿ ಒಂದೆರಡನ್ನು ಎ4 ಹಾಳೆಯಲ್ಲಿ ಅಚ್ಚುಹಾಕಿಸಿ ಬೆಂಚಿಗೊಂದರಂತೆ ಹಂಚುವಷ್ಟು ಪ್ರತಿಗಳನ್ನು ಕಪಾಟಿನಲ್ಲಿ ಇಡುವುದು ಇನ್ನೂ ಉತ್ತಮ. ಗೂಗಲ್ ಅರ್ತ್ ಪ್ರೊ ಎಂಬ ತಂತ್ರಾಂಶವು 2015ರಿಂದ ಎಲ್ಲರಿಗೂ ಉಚಿತ. ಅದನ್ನು ಲ್ಯಾಪ್‌ಟಾಪಿನಲ್ಲಿ ಸ್ಥಾಪಿಸಿಕೊಂಡರೆ ಒಮ್ಮೆ ತೆರೆದು ನೋಡಿದ ಪ್ರದೇಶದ ಚಿತ್ರವು ಯಂತ್ರದ ನೆನಪಿನಲ್ಲಿ ಬಹುಮಟ್ಟಿಗೆ ಉಳಿದಿದ್ದು ನೆಟ್‌ವರ್ಕ್ ಇಲ್ಲದಾಗಲೂ ಕೆಲಸಕ್ಕೆ ಬರುತ್ತದೆ. ಇಸ್ರೊ ಸಂಸ್ಥೆಯು 2009ರಲ್ಲಿ ತೆರೆದ ‘ಭುವನ್’ ತಾಣವನ್ನೂ ಪರಿಚಯ ಮಾಡಿಕೊಂಡಿರಬೇಕು. ನಮ್ಮದೇ ಉಪಗ್ರಹಗಳ ಚಿತ್ರಗಳೂ ನೆಲದ ಬಳಕೆಯ ನಕ್ಷೆಗಳೂ ಅಲ್ಲಿ ದೊರೆಯುತ್ತವೆ.

ಮೊದಲ ಪಾಠ: ಸ್ವಂತ ಊರು

ಉಪಗ್ರಹಚಿತ್ರವನ್ನು ತರಗತಿಯಲ್ಲಿ ಮೊದಲ ಸಲ ತೆರೆದಾಗ ಏಳುವ ಕೂಗು ಎಲ್ಲ ಶಾಲೆಗಳಲ್ಲಿಯೂ ಒಂದೇ: “ಸಾರ್, ನಮ್ಮನೆ ತೋರ್ಸಿ!” ಈ ಕೂಗನ್ನು ಗದರಿಸಿ ಅಡಗಿಸುವುದು ಅವಿವೇಕ. ಅರ್ಧ ಅವಧಿಯನ್ನು ಅದಕ್ಕೇ ಕೊಟ್ಟುಬಿಡಿ. ಆದರೆ ಮನೆಯನ್ನು ನೀವು ಹುಡುಕಿಕೊಡಬೇಡಿ. ಶಾಲೆಯಿಂದ ಹೊರಟು ತನ್ನ ಮನೆಗೆ ಹೋಗುವ ದಾರಿಯನ್ನು ಹುಡುಗನು ಬಾಯಲ್ಲಿ ಹೇಳಲಿ, ಇನ್ನೊಬ್ಬನು ಆ ಮಾತಿನಂತೆ ಚಿತ್ರವನ್ನು ಸರಿಸಲಿ. “ಸೊಸೈಟಿ ದಾಟಿ ಎಡಕ್ಕೆ” ಎಂದವನಿಗೆ ಉತ್ತರಕ್ಕೆ ಮುಖಮಾಡಿದಾಗಿನ ಎಡವೋ ದಕ್ಷಿಣಕ್ಕೆ ಮುಖಮಾಡಿದಾಗಿನ ಎಡವೋ ಎಂದು ಕೇಳಿದೊಡನೆ, ದಿಕ್ಕುಗಳನ್ನು ಕುರಿತ ಪಾಠವು ತಾನಾಗಿ ಆರಂಭವಾಗುತ್ತದೆ.

ಕೂಗಿನ ಹಿಂದೆಯೇ ಬರುವ ಎರಡನೆಯ ಪ್ರಶ್ನೆಯು ಇನ್ನೂ ಬೆಲೆಯುಳ್ಳದ್ದು: “ಸಾರ್, ಇದು ಈಗ್ಲೇ ಕಾಣ್ತಿರೋದಾ?” ಬಹುತೇಕ ಮಕ್ಕಳು, ಮತ್ತು ಪೋಷಕರಲ್ಲಿಯೂ ಹಲವರು, ಉಪಗ್ರಹವು ಈ ಕ್ಷಣದಲ್ಲಿ ತಮ್ಮ ಅಂಗಳವನ್ನು ನೋಡುತ್ತಿದೆಯೆಂದೇ ಭಾವಿಸಿರುತ್ತಾರೆ. ತೆರೆಯ ಕೆಳಅಂಚಿನಲ್ಲಿ ಸಣ್ಣಕ್ಷರದಲ್ಲಿರುವ ಚಿತ್ರದ ದಿನಾಂಕವನ್ನು ಓದಿಸಿ. ನಮ್ಮ ಕಡೆ ಇದಕ್ಕೆ ಅನುಕೂಲವಾದ ಸಾಕ್ಷಿಯೊಂದುಂಟು. ಸಿಗಂದೂರಿಗೆ ಹೋಗುವವರು ಹೊಳೆಬಾಗಿಲಿನಲ್ಲಿ ಲಾಂಚಿಗಾಗಿ ಕಾದು ನಿಲ್ಲುತ್ತಿದ್ದ ಜಾಗದಲ್ಲಿ, ಹಿನ್ನೀರಿನ ಮೇಲೆ ಎರಡು ಕಿಲೋಮೀಟರಿಗೂ ಉದ್ದವಾದ ಸೇತುವೆಯು 2025ರ ಜುಲೈನಲ್ಲಿ ಸಂಚಾರಕ್ಕೆ ತೆರೆಯಿತು. ಗೂಗಲ್ ಅರ್ತ್ ಪ್ರೊದಲ್ಲಿ ಗಡಿಯಾರದ ಗುರುತನ್ನು ಒತ್ತಿ ಹಿಂದಿನ ವರ್ಷಗಳಿಗೆ ಸರಿದರೆ ಅದೇ ಸ್ಥಳದಲ್ಲಿ ಬರಿಯ ನೀರು ಕಾಣುತ್ತದೆ. ಸೇತುವೆಯ ಮೇಲೆ ಬಸ್ಸಿನಲ್ಲಿ ಹೋಗಿಬಂದ ಮಗುವಿಗೆ ಸೇತುವೆಯಿಲ್ಲದ ಚಿತ್ರವನ್ನು ತೋರಿಸಿದರೆ, ಚಿತ್ರಕ್ಕೂ ಒಂದು ವಯಸ್ಸುಂಟೆಂಬುದನ್ನು ಮತ್ತೆ ಹೇಳಿಕೊಡಬೇಕಾಗುವುದಿಲ್ಲ.

ಹಾಗೆಯೇ ಲಿಂಗನಮಕ್ಕಿಯ ಹಿನ್ನೀರನ್ನು ಮಳೆಗಾಲ ಮುಗಿದೊಡನೆ ತೆಗೆದ ಚಿತ್ರದಲ್ಲಿಯೂ ಬೇಸಗೆಯ ಕೊನೆಯಲ್ಲಿ ತೆಗೆದ ಚಿತ್ರದಲ್ಲಿಯೂ ನೋಡಿ ಹೋಲಿಸಲಿ. 1964ರಲ್ಲಿ ಮುಗಿದ ಈ ಜಲಾಶಯದ ಪೂರ್ಣಮಟ್ಟ 1,819 ಅಡಿ ಎಂಬುದು ಇಲ್ಲಿನ ಮಕ್ಕಳಿಗೆ ಪುಸ್ತಕ ನೋಡದೆಯೇ ಗೊತ್ತು; ಮಳೆಗಾಲದಲ್ಲಿ ಮನೆಮನೆಯ ಮಾತೂ ಅದೇ. ನೀರು ಬಹಳ ಇಳಿದ ವರ್ಷಗಳಲ್ಲಿ ಇದೇ ಜಲಾಶಯದಲ್ಲಿ ಮುಳುಗಿದ ಹಳೆಯ ಹಿರೇಭಾಸ್ಕರ ಅಣೆಕಟ್ಟು ಮೇಲೆದ್ದು ಕಾಣುತ್ತದೆ. ಮುಳುಗಡೆಯಲ್ಲಿ ಊರು ಕಳೆದುಕೊಂಡ ಮನೆತನಗಳ ಮಕ್ಕಳು ತರಗತಿಯಲ್ಲಿದ್ದರೆ, ಅಜ್ಜಿ ತಾತಂದಿರನ್ನು ಕೇಳಿ ಹಳೆಯ ಊರು ಎಲ್ಲಿದ್ದಿತೆಂಬುದನ್ನು ಗುರುತು ಮಾಡಿಕೊಂಡು ಬರುವ ಕೆಲಸವನ್ನು ಒಪ್ಪಿಸಬಹುದು. ಯಾವ ಉಪಗ್ರಹವೂ ಕೊಡಲಾರದ ಮಾಹಿತಿ ಅದು.

ಘಟ್ಟದ ಅಡ್ಡಕೊಯ್ತ

ಈ ಪಾಠವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ, ಏಕೆಂದರೆ ಊಹೆ, ನೋಟ, ಅಳತೆ ಎಂಬ ಕ್ರಮದ ಪ್ರಯೋಜನವು ನನಗೆ ಸ್ಪಷ್ಟವಾದದ್ದು ಇದರಲ್ಲಿಯೇ. ತೆರೆಯನ್ನು ಬೆಳಗಿಸುವ ಮುನ್ನ ಮಕ್ಕಳ ನೋಟುಪುಸ್ತಕದಲ್ಲಿ ಉದ್ದನೆಯ ಗೆರೆಯೊಂದನ್ನು ಎಳೆಯಿಸಿ, ಎಡತುದಿಗೆ ಹೊನ್ನಾವರ, ಬಲತುದಿಗೆ ಚಿತ್ರದುರ್ಗ, ನಡುವೆ ಸಾಗರ, ಶಿವಮೊಗ್ಗ ಎಂದು ಬರೆಯಿಸಿ, ನೆಲವು ಎಲ್ಲಿ ಏರುತ್ತದೆ ಎಲ್ಲಿ ಇಳಿಯುತ್ತದೆ ಎಂಬುದನ್ನು ಊಹಿಸಿ ಚಿತ್ರಿಸುವಂತೆ ಹೇಳಿ. ಬಹುಪಾಲು ಮಕ್ಕಳು ನಡುವೆ ಒಂದು ತ್ರಿಕೋಣವನ್ನು ನಿಲ್ಲಿಸುತ್ತಾರೆ: ಪಶ್ಚಿಮದಲ್ಲಿ ಏರು, ತುದಿಯಲ್ಲಿ ಶಿಖರ, ಪೂರ್ವದಲ್ಲಿ ಅಷ್ಟೇ ಇಳಿಜಾರು. ಪಶ್ಚಿಮ ಘಟ್ಟವೆಂದರೆ ಎರಡು ಮಗ್ಗುಲುಗಳುಳ್ಳ ಪರ್ವತವೆಂಬ ಭಾವನೆಯು ಪುಸ್ತಕದ ಚಿತ್ರಗಳಿಂದಲೋ ಶಬ್ದದಿಂದಲೋ ಅವರಲ್ಲಿ ಬೇರೂರಿರುತ್ತದೆ.

ಈಗ ಗೂಗಲ್ ಅರ್ತ್ ಪ್ರೊದಲ್ಲಿ ಅಳತೆಪಟ್ಟಿಯ ಗುರುತನ್ನು ಒತ್ತಿ ಹೊನ್ನಾವರದಿಂದ ಚಿತ್ರದುರ್ಗದವರೆಗೆ ಗೆರೆ ಎಳೆದು ಉಳಿಸಿಕೊಂಡು, ಆ ಗೆರೆಯ ಎತ್ತರದ ನಕ್ಷೆಯನ್ನು ತೆರೆಯಿರಿ. ನೇರವಾಗಿ ಇನ್ನೂರು ಕಿಲೋಮೀಟರುಗಳಿಗೆ ತುಸು ಹೆಚ್ಚಾದ ಆ ಗೆರೆಯ ಪಶ್ಚಿಮಭಾಗದಲ್ಲಿ ನೆಲವು ಕಡಲಮಟ್ಟದಿಂದ ಥಟ್ಟನೆ ಮೇಲೇರಿ, ಅಲ್ಲಿಂದ ಪೂರ್ವಕ್ಕೆ ಆರುನೂರು ಏಳುನೂರು ಮೀಟರುಗಳ ಆಸುಪಾಸಿನಲ್ಲಿ ಏರುತಗ್ಗುಗಳೊಡನೆ ಚಾಚಿಕೊಂಡೇ ಹೋಗುತ್ತದೆ; ಮಕ್ಕಳು ಬರೆದ ಪೂರ್ವದ ಇಳಿಜಾರು ಎಲ್ಲಿಯೂ ಇಲ್ಲ. ತರಗತಿ ತಬ್ಬಿಬ್ಬಾಗಿರುವ ಆ ಗಳಿಗೆಯಲ್ಲಿ ಉಪಾಧ್ಯಾಯರು ಉತ್ತರ ಹೇಳಿಬಿಡಬಾರದು. ಸಾಗರದಿಂದ ಹೊನ್ನಾವರದ ಬಸ್ಸು ಹತ್ತಿದರೆ ಗೇರುಸೊಪ್ಪೆ ಘಟ್ಟದ ತಿರುವುಗಳಲ್ಲಿ ಹೊಟ್ಟೆ ತೊಳಸುತ್ತದೆ. ಶಿವಮೊಗ್ಗದ ಬಸ್ಸು ಹತ್ತಿದರೆ ಅಂತಹ ಘಟ್ಟ ಇಳಿದ ನೆನಪು ಯಾರಿಗಾದರೂ ಉಂಟೆ ಎಂದು ಕೇಳಿದರೆ ಸಾಕು. ಸಹ್ಯಾದ್ರಿಯು ದಖ್ಖನ್ ಪ್ರಸ್ಥಭೂಮಿಯ ಪಶ್ಚಿಮದ ಅಂಚೆಂಬ ಸಿದ್ಧಾಂತವನ್ನು, ಬಸ್ಸಿನಲ್ಲಿ ವಾಂತಿ ಮಾಡಿಕೊಂಡ ಹುಡುಗನೇ ಎದ್ದು ನಿಂತು ತನ್ನ ಮಾತಿನಲ್ಲಿ ಹೇಳಿಬಿಡುತ್ತಾನೆ.

ಅಳತೆಯ ಘಟ್ಟ ಇನ್ನೂ ಉಳಿದಿದೆ. ತೆರೆಯ ಮೇಲೆ ಆ ಏರು ಗೋಡೆಯಂತೆ ಕಂಡಿತಷ್ಟೆ. ಅದು ನಿಜವೇ ಎಂಬುದನ್ನು ಪರೀಕ್ಷಿಸಬೇಕು. ಹತ್ತು ಕಿಲೋಮೀಟರಿಗೆ ಒಂದು ಸೆಂಟಿಮೀಟರಿನಂತೆ ಇನ್ನೂರು ಕಿಲೋಮೀಟರನ್ನು ಪುಸ್ತಕದಲ್ಲಿ ಇಪ್ಪತ್ತು ಸೆಂಟಿಮೀಟರಾಗಿ ಬರೆದು, ಅದೇ ಪ್ರಮಾಣದಲ್ಲಿ 700 ಮೀಟರಿನ ಎತ್ತರವನ್ನು ಬರೆಯಲು ಹೇಳಿ. ಲೆಕ್ಕ ಹಾಕಿದರೆ ಅದು 0.7 ಮಿಲಿಮೀಟರ್, ಎಂದರೆ ಮೊಂಡಾದ ಪೆನ್ಸಿಲಿನ ಗೆರೆಯ ದಪ್ಪ! ತೆರೆಯ ಚಿತ್ರದಲ್ಲಿ ಎತ್ತರವನ್ನು ಹಿಗ್ಗಿಸಿ ತೋರಿಸಿದ್ದಾರೆಂಬುದೂ, ಹಾಗೆ ಹಿಗ್ಗಿಸದಿದ್ದರೆ ಏನೂ ಕಾಣಿಸದೆಂಬುದೂ ಏಕಕಾಲದಲ್ಲಿ ತಿಳಿಯುತ್ತವೆ. ಇಷ್ಟು ತೆಳುವಾದ ಮೆಟ್ಟಿಲು ಮೋಡಗಳನ್ನು ತಡೆದು ನಿಲ್ಲಿಸುವ ಪರಿಯನ್ನು ಅದೇ ಗೆರೆಯ ಮೇಲೆ ಮಳೆಯ ಅಂಕಿಗಳನ್ನು ಬರೆದು ತೋರಿಸಿ. ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರನ್ನು ಮೀರುವ ಮಳೆ, ಘಟ್ಟದ ನೆತ್ತಿಯ ಆಗುಂಬೆಯಂತಹ ಕಡೆ 7,000 ಮಿಲಿಮೀಟರನ್ನೂ ದಾಟಿ, ಚಿತ್ರದುರ್ಗದಾಚೆಯ ಚಳ್ಳಕೆರೆಯ ಸೀಮೆಯಲ್ಲಿ 500 ಮಿಲಿಮೀಟರಿನ ಆಸುಪಾಸಿಗೆ ಇಳಿದುಬಿಡುತ್ತದೆ. ಮಳೆಯ ನೆರಳಿನ ಪ್ರದೇಶವೆಂಬುದನ್ನು ಬಾಯಿಪಾಠ ಮಾಡುವ ಅಗತ್ಯ ಆಮೇಲೆ ಉಳಿಯುವುದಿಲ್ಲ.

ಒಂದು ಎಚ್ಚರಿಕೆ: ಗೆರೆಯು ಜಲಾಶಯದ ಮೇಲೆ ಹಾದರೆ ಯಂತ್ರವು ಕೊಡುವುದು ನೀರಿನ ಮೇಲ್ಮೈಯ ಎತ್ತರವನ್ನೇ, ಕೆಳಗೆ ಮುಳುಗಿರುವ ಕಣಿವೆಯ ಆಳ ಅದರಲ್ಲಿ ಕಾಣದು. ಇದನ್ನು ಮಕ್ಕಳೇ ಕಂಡುಹಿಡಿಯಲು ಬಿಡುವುದು ಮೇಲು.

ನದಿಯ ಉದ್ದ, ದೇಶದ ಗಾತ್ರ

ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ ಹೊನ್ನಾವರದಲ್ಲಿ ಕಡಲು ಸೇರುವ ಶರಾವತಿಯ ಉದ್ದ 128 ಕಿಲೋಮೀಟರ್ ಎಂದು ಪುಸ್ತಕದಲ್ಲಿದೆ. ತರಗತಿಯನ್ನು ಗುಂಪುಗಳಾಗಿ ಮಾಡಿ ಪ್ರತಿಯೊಂದು ಗುಂಪೂ ಅಳತೆಪಟ್ಟಿಯಿಂದ ನದಿಯ ಜಾಡನ್ನು ಹಿಡಿದು ಅಳೆಯಲಿ. ಅವಸರದ ಗುಂಪು ತಿರುವುಗಳನ್ನು ಹಾರಿಸಿಕೊಂಡು ಹೋಗಿ ಕಡಮೆ ಉದ್ದವನ್ನು ತರುತ್ತದೆ. ತಾಳ್ಮೆಯ ಗುಂಪು ಒಂದೊಂದು ಬಳಸಿನಲ್ಲಿಯೂ ಗುರುತು ಹಾಕಿ ಹೆಚ್ಚು ಉದ್ದವನ್ನು ತರುತ್ತದೆ. ಹಿನ್ನೀರಿನಲ್ಲಿ ಹಳೆಯ ಪಾತ್ರ ಎಲ್ಲಿತ್ತೆಂದು ಕಾಣದೆ ಎಲ್ಲ ಗುಂಪುಗಳೂ ತಡವರಿಸುತ್ತವೆ. ಯಾರ ಉತ್ತರ ಸರಿ ಎಂಬ ಜಗಳವನ್ನು ಬೇಗನೆ ತೀರಿಸಬೇಡಿ. ವಕ್ರವಾದ ಗೆರೆಯ ಉದ್ದವು ಅಳೆಯುವ ಹೆಜ್ಜೆಯ ಅಳತೆಯನ್ನು ಅವಲಂಬಿಸಿದೆಯೆಂಬುದು ಕಡಲತೀರದ ಉದ್ದಕ್ಕೂ ಅನ್ವಯಿಸುವ ಗಂಭೀರವಾದ ತತ್ತ್ವ; ಒಂಬತ್ತನೆಯ ತರಗತಿಯವರು ಅದನ್ನು ಜಗಳದಲ್ಲಿಯೇ ಕಲಿತುಕೊಳ್ಳುತ್ತಾರೆ.

ಗಾತ್ರದ ವಿಚಾರದಲ್ಲಿ ಯಂತ್ರಕ್ಕಿಂತ ಮೊದಲು ಊಹೆಯನ್ನು ಕೇಳಲೇಬೇಕಾದ ಪ್ರಶ್ನೆಯೊಂದಿದೆ: ಗ್ರೀನ್‌ಲೆಂಡ್ ದೊಡ್ಡದೋ ಭಾರತ ದೊಡ್ಡದೋ? ಫೋನಿನ ಚಪ್ಪಟೆ ನಕ್ಷೆಯನ್ನು ನೋಡಿ ಬೆಳೆದ ಮಕ್ಕಳು ಗ್ರೀನ್‌ಲೆಂಡಿಗೇ ಕೈಯೆತ್ತುತ್ತಾರೆ. ಗ್ರೀನ್‌ಲೆಂಡಿನ ವಿಸ್ತೀರ್ಣ ಸುಮಾರು 21.66 ಲಕ್ಷ ಚದರ ಕಿಲೋಮೀಟರ್, ಭಾರತದ್ದು 32.87 ಲಕ್ಷ ಚದರ ಕಿಲೋಮೀಟರ್ ಎಂದು ಹಲಗೆಯ ಮೇಲೆ ಬರೆದು, ತೆರೆಯ ಮೇಲೆ ಚಪ್ಪಟೆ ನಕ್ಷೆಯನ್ನು ಬಿಟ್ಟು ಗೋಳದ ರೂಪಕ್ಕೆ ತಿರುಗಿಸಿ, ಎರಡನ್ನೂ ಒಂದಾದಮೇಲೊಂದರಂತೆ ನಡುವೆ ತಂದು ತೋರಿಸಿ. ಗೆರಾರ್ಡಸ್ ಮರ್ಕೇಟರ್ 1569ರಲ್ಲಿ ರಚಿಸಿದ ಪ್ರಕ್ಷೇಪವು ನಾವಿಕರಿಗೆ ದಿಕ್ಕನ್ನು ತಪ್ಪದೆ ಹಿಡಿದುಕೊಡಲೆಂದು ಹುಟ್ಟಿದ್ದು. ಆ ಉಪಕಾರಕ್ಕೆ ಪ್ರತಿಯಾಗಿ ಧ್ರುವಗಳ ಕಡೆಗೆ ಹೋದಂತೆಲ್ಲ ಗಾತ್ರವನ್ನು ಹಿಗ್ಗಿಸುತ್ತದೆ. ನಮ್ಮ ಫೋನಿನ ನಕ್ಷೆಗಳು ಬಹುಮಟ್ಟಿಗೆ ಅದರ ಸಂತತಿಯೇ. ದೇಶವನ್ನು ಎಳೆದು ಬೇರೆ ಅಕ್ಷಾಂಶಕ್ಕೆ ಸರಿಸಿ ನೋಡುವ ‘ದಿ ಟ್ರೂ ಸೈಜ್’ ಎಂಬ ತಾಣವೂ ಇದಕ್ಕೆ ಸಹಾಯಕ. ಕಪಾಟಿನ ಮೇಲೆ ಧೂಳು ಹಿಡಿದು ಕುಳಿತ ಹಳೆಯ ಗೋಳವನ್ನು ಒರೆಸಿ ಇಳಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ದಿನ ಸಿಕ್ಕದು.

ಮಳೆಯ ದಿನಚರಿ

ಮಳೆಯು ನಮ್ಮ ಮಕ್ಕಳಿಗೆ ಅನುಭವದ ವಸ್ತು. ಆರೆಂಜ್ ಅಲರ್ಟ್, ರೆಡ್ ಅಲರ್ಟ್ ಎಂದರೆ ಶಾಲೆಗೆ ರಜೆ ಸಿಕ್ಕೀತೇ ಎಂಬ ಲೆಕ್ಕಾಚಾರ ಅವರಲ್ಲಿ ಹಿಂದಿನ ರಾತ್ರಿಯೇ ಆರಂಭವಾಗುತ್ತದೆ. ಆ ಕುತೂಹಲವನ್ನೇ ಪಾಠವಾಗಿ ತಿರುಗಿಸಬಹುದು. ನೇರವಾದ ಮೈಯುಳ್ಳ ಪ್ಲಾಸ್ಟಿಕ್ ಬಾಟಲಿಯ ಮೇಲ್ಭಾಗವನ್ನು ಕತ್ತರಿಸಿ ತಲೆಕೆಳಗಾಗಿ ಆಲಿಕೆಯಂತೆ ಕೂರಿಸಿ, ತಳದ ಉಬ್ಬುತಗ್ಗುಗಳು ಮುಚ್ಚುವಷ್ಟು ನೀರು ಹಾಕಿ ಆ ಮಟ್ಟವನ್ನು ಸೊನ್ನೆಯೆಂದು ಗುರುತಿಸಿ, ಹೊರಗೆ ಅಳತೆಪಟ್ಟಿ ಅಂಟಿಸಿದರೆ ಮಳೆಮಾಪಕವಾಯಿತು. ಮರದ ಕೆಳಗಾಗಲಿ ಮಾಡಿನ ನೀರು ಸಿಡಿಯುವ ಕಡೆಯಾಗಲಿ ಇಡಬಾರದು. ಹವಾಮಾನ ಇಲಾಖೆಯು ದಿನದ ಮಳೆಯನ್ನು ಬೆಳಗ್ಗೆ 8.30ರಿಂದ ಮರುದಿನ ಬೆಳಗ್ಗೆ 8.30ರವರೆಗೆ ಲೆಕ್ಕಹಾಕುವುದರಿಂದ, ಶಾಲೆಯ ಪಕ್ಕದಲ್ಲಿ ಮನೆಯುಳ್ಳ ವಿದ್ಯಾರ್ಥಿಗೆ ಆ ಹೊತ್ತಿಗೆ ನೋಡಿ ಬರೆದಿಡುವ ಕೆಲಸವನ್ನು ಒಪ್ಪಿಸಬೇಕು.

ಯಂತ್ರದ ಕೆಲಸ ಆಮೇಲೆ. ಹವಾಮಾನ ಇಲಾಖೆಯ ತಾಣದಲ್ಲಿ ಇನ್ಸ್ಯಾಟ್ ಉಪಗ್ರಹಗಳ ಮೋಡದ ಚಿತ್ರಗಳು ದಿನವಿಡೀ ಹೊಸದಾಗುತ್ತಿರುತ್ತವೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿಯ ಮಟ್ಟದವರೆಗೂ ಮಳೆಯ ಅಂಕಿಗಳನ್ನು ಸಂಗ್ರಹಿಸುತ್ತದೆ. ‘ವಿಂಡಿ’ಯಂತಹ ತಾಣದಲ್ಲಿ ಅರಬ್ಬೀ ಸಮುದ್ರದ ಮೇಲಿನ ಗಾಳಿಯ ಹರಿವನ್ನು ಗೆರೆಗಳಾಗಿ ನೋಡಬಹುದು. ಸಂಜೆ ಶಾಲೆ ಬಿಡುವ ಮುನ್ನ ಆ ಚಿತ್ರವನ್ನು ತೋರಿಸಿ ನಾಳೆಯ ಮಳೆಯನ್ನು ಮಕ್ಕಳು ಊಹಿಸಿ ಬರೆಯಲಿ. ಮರುದಿನ ಬಾಟಲಿಯ ಅಂಕಿಯೊಡನೆ ತಾಳೆ ನೋಡಲಿ. ಇಲಾಖೆಯ ಲೆಕ್ಕದಲ್ಲಿ 64.5 ಮಿಲಿಮೀಟರಿನಿಂದ ‘ಭಾರೀ ಮಳೆ’, 115.6ರಿಂದ ‘ಅತಿ ಭಾರೀ ಮಳೆ’, 204.4ನ್ನು ಮೀರಿದರೆ ‘ಅತ್ಯಂತ ಭಾರೀ ಮಳೆ’ ಎಂಬ ವಿಭಾಗವುಂಟು. ತಮ್ಮ ಬಾಟಲಿಯ ನೀರು ಯಾವ ಪಂಕ್ತಿಗೆ ಸೇರಿತೆಂದು ತಿಳಿದ ಮಗುವು ವಾರ್ತೆಯ ಶಬ್ದಗಳನ್ನು ಮುಂದೆ ಅರ್ಥದೊಡನೆ ಕೇಳುತ್ತದೆ.

ಕೋಲೂ ಫೋನೂ

ಅಕ್ಷಾಂಶ ರೇಖಾಂಶಗಳ ಪಾಠವು ಒಣಗಿಹೋಗದಂತೆ ಮಾಡುವ ಪ್ರಯೋಗವೊಂದುಂಟು. ಸೆಪ್ಟೆಂಬರ್ 23ರ ಸುಮಾರಿಗೆ, ಹಗಲು ರಾತ್ರಿಗಳು ಸಮವಾದ ದಿನ, ಮಳೆ ಬಿಡುವು ಕೊಟ್ಟರೆ, ಶಾಲೆಯ ಅಂಗಳದಲ್ಲಿ ಒಂದು ಮೀಟರಿನ ಕೋಲನ್ನು ತೂಕದ ದಾರದ ಸಹಾಯದಿಂದ ನೆಟ್ಟಗೆ ನಿಲ್ಲಿಸಿ, ಹನ್ನೆರಡು ಗಂಟೆಯಿಂದ ಒಂದು ಗಂಟೆಯವರೆಗೆ ಐದೈದು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಗುರುತು ಹಾಕಿಸಿ. ನೆರಳು ಅತ್ಯಂತ ಗಿಡ್ಡವಾಗುವುದು ಗಡಿಯಾರದ ಹನ್ನೆರಡಕ್ಕಲ್ಲ, 12.20ರ ಆಚೆ; ಭಾರತದ ಕಾಲಮಾನವು 82.5 ಡಿಗ್ರಿ ಪೂರ್ವ ರೇಖಾಂಶದ್ದು, ಸಾಗರವು ಇರುವುದು 75 ಡಿಗ್ರಿಯಲ್ಲಿ ಎಂಬುದೇ ಇದಕ್ಕೆ ಮುಖ್ಯ ಕಾರಣವೆಂಬುದನ್ನು ಮಕ್ಕಳಿಂದಲೇ ಹೊರಡಿಸಬೇಕು. ಆ ಗಿಡ್ಡ ನೆರಳು ಇಲ್ಲಿ ಸುಮಾರು 25 ಸೆಂಟಿಮೀಟರ್ ಇರುತ್ತದೆ. ಕೋಲನ್ನೂ ನೆರಳನ್ನೂ ಚಿಕ್ಕ ಪ್ರಮಾಣದಲ್ಲಿ ತ್ರಿಕೋಣವಾಗಿ ಬರೆದು, ಮೇಲ್ತುದಿಯ ಕೋನವನ್ನು ಕೋನಮಾಪಕದಿಂದ ಅಳೆದರೆ 14 ಡಿಗ್ರಿ ಬರುತ್ತದೆ. ಅನಂತರ ಫೋನನ್ನು ತೆಗೆದು ಉಪಗ್ರಹಗಳು ಹೇಳುವ ಅಕ್ಷಾಂಶವನ್ನು ಓದಿಸಿ: 14 ಡಿಗ್ರಿ 10 ಮಿನಿಟಿನ ಸುಮಾರು. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಎರಟೊಸ್ತನೀಸನು ನೆರಳಿನಿಂದ ಭೂಮಿಯ ಸುತ್ತಳತೆಯನ್ನು ಲೆಕ್ಕಹಾಕಿದ ಕಥೆಯನ್ನು ಹೇಳಲು ಇದು ತಕ್ಕ ಸಮಯ. ಡಿಸೆಂಬರ್ 22ರಂದು ಇದೇ ಪ್ರಯೋಗ ಮಾಡಿದರೆ ನೆರಳು 77 ಸೆಂಟಿಮೀಟರಿಗೆ ಬೆಳೆದಿರುತ್ತದೆ. ಋತುಗಳ ಪಾಠಕ್ಕೆ ಅದು ಪೀಠಿಕೆ.

ಕೆಲವು ಎಚ್ಚರಿಕೆಗಳು

ಅಂತರಜಾಲದ ನಕ್ಷೆಗಳಲ್ಲಿ ದೇಶಗಳ ಗಡಿಗಳು ನೋಡುವ ದೇಶವನ್ನನುಸರಿಸಿ ಬೇರೆಬೇರೆಯಾಗಿ ಕಾಣಿಸುವುದುಂಟು. ಭಾರತದ ರಾಜಕೀಯ ನಕ್ಷೆಯನ್ನು ತೋರಿಸುವಾಗಲೂ ಅಚ್ಚುಹಾಕಿಸುವಾಗಲೂ ಸರ್ವೆ ಆಫ್ ಇಂಡಿಯಾ ಪ್ರಕಟಿಸಿದ ನಕ್ಷೆಯನ್ನೇ ಉಪಯೋಗಿಸತಕ್ಕದ್ದು. ಜಮ್ಮು ಕಾಶ್ಮೀರ ಮತ್ತು ಲಡಾಖ್ 2019ರ ಅಕ್ಟೋಬರ್ 31ರಿಂದ ಎರಡು ಕೇಂದ್ರಾಡಳಿತ ಪ್ರದೇಶಗಳಾದುದರಿಂದ ಅದಕ್ಕೆ ಹಿಂದಿನ ಗೋಡೆಭೂಪಟಗಳನ್ನು ತಿದ್ದುಪಡಿಯಿಲ್ಲದೆ ತೂಗಬಾರದು. 1767ರಲ್ಲಿ ಸ್ಥಾಪಿತವಾದ ಸರ್ವೆ ಆಫ್ ಇಂಡಿಯಾ 2017ರಲ್ಲಿ ತನ್ನ ಓಪನ್ ಸೀರೀಸ್ ನಕ್ಷೆಗಳನ್ನು ಜಾಲದ ಮೂಲಕ ಉಚಿತವಾಗಿ ಒದಗಿಸಲಾರಂಭಿಸಿತು. 1:50,000 ಪ್ರಮಾಣದ ಟೋಪೋಶೀಟಿನಲ್ಲಿ ಎರಡು ಸೆಂಟಿಮೀಟರಿಗೆ ಒಂದು ಕಿಲೋಮೀಟರ್. ಹಳೆಯ ಸಂಖ್ಯಾಕ್ರಮದ ಪ್ರಕಾರ ಸಾಗರವು 48 ಎನ್/4ರಲ್ಲಿಯೂ ಜೋಗವು 48 ಜೆ/16ರಲ್ಲಿಯೂ ಬರುತ್ತವೆ. 253 ಮೀಟರ್ ಧುಮುಕುವ ಜೋಗದ ಬಳಿ ಸಮೋನ್ನತಿ ರೇಖೆಗಳು ಒಂದರ ಮೇಲೊಂದು ಒತ್ತಿಕೊಂಡಿರುವುದನ್ನು ಕಾಗದದ ಮೇಲೆ ಬೆರಳಿಟ್ಟು ನೋಡಿ, ಅನಂತರ ಅದೇ ಕಮರಿಯನ್ನು ತೆರೆಯ ಮೇಲೆ ಓರೆಯಾಗಿ ತಿರುಗಿಸಿ ನೋಡಿದರೆ, ಸಮೋನ್ನತಿ ರೇಖೆಯನ್ನು ಓದುವ ವಿದ್ಯೆ ಒಂದೇ ಅವಧಿಯಲ್ಲಿ ಬಹಳ ದೂರ ಸಾಗುತ್ತದೆ.

ಕೃತಕ ಬುದ್ಧಿಮತ್ತೆಯ ಚಾಟ್‌ಬಾಟುಗಳನ್ನು ಕೇಳಿ ಟಿಪ್ಪಣಿ ಬರೆಯುವ ಅಭ್ಯಾಸ ಉಪಾಧ್ಯಾಯರಲ್ಲಿಯೂ ಮಕ್ಕಳಲ್ಲಿಯೂ ಹಬ್ಬುತ್ತಿದೆ. ಅವು ಗೊತ್ತಿಲ್ಲದ್ದನ್ನೂ ಗೊತ್ತಿರುವ ಧಾಟಿಯಲ್ಲಿಯೇ ಹೇಳುತ್ತವೆ. ಹಳ್ಳಿಯ ಮಳೆ, ಕೆರೆಯ ವಿಸ್ತೀರ್ಣ, ಹೊಳೆಯ ಉಪನದಿ ಮುಂತಾದ ಸ್ಥಳೀಯ ಸಂಗತಿಗಳಲ್ಲಿ ಅವುಗಳ ಮಾತನ್ನು ಇಲಾಖೆಯ ಅಂಕಿಯೊಡನೆಯೋ ಮಕ್ಕಳ ಅಳತೆಯೊಡನೆಯೋ ಹೋಲಿಸದೆ ಹಲಗೆಯ ಮೇಲೆ ಬರೆಯಬಾರದು. ಹೋಲಿಸುವುದನ್ನೇ ಒಂದು ಅಭ್ಯಾಸವಾಗಿ ಮಕ್ಕಳಿಗೆ ಕೊಡುವುದು ಇನ್ನೂ ಒಳ್ಳೆಯದು. ಫೋನು ಎಲ್ಲ ಮನೆಗಳಲ್ಲಿಯೂ ಇರುವುದಿಲ್ಲವೆಂಬುದನ್ನು ಮರೆತು ಮನೆಗೆಲಸ ಕೊಡುವುದೂ, ಮಕ್ಕಳ ಮನೆಯ ಸ್ಥಾನವನ್ನು ಹೆಸರಿನೊಡನೆ ವಾಟ್ಸ್ಆ್ಯಪ್ ಗುಂಪಿನಲ್ಲಿ ಹಾಕುವುದೂ ವರ್ಜ್ಯ.

ಎಷ್ಟು, ಯಾವಾಗ

ಪ್ರತಿ ಪಾಠಕ್ಕೂ ಯಂತ್ರ ಬೇಕೆಂಬ ಹಟ ಹೊಸಬರಲ್ಲಿ ಸಹಜ; ಅದು ಬೇಗ ದಣಿಸುತ್ತದೆ. ಭೂಸ್ವರೂಪ, ನದಿ, ವಾಯುಗುಣ, ನೆಲದ ಬಳಕೆ, ಈ ಅಧ್ಯಾಯಗಳಿಗೆ ಯಂತ್ರವು ಬಹಳ ಒದಗುತ್ತದೆ; ಕೈಗಾರಿಕೆ, ಜನಸಂಖ್ಯೆ ಮೊದಲಾದ ಅಧ್ಯಾಯಗಳಿಗೆ ಅಂಕಿಅಂಶದ ಪಟ್ಟಿಯೂ ಚರ್ಚೆಯೂ ಹೆಚ್ಚು ಪ್ರಯೋಜನಕರ. ತಿಂಗಳಿಗೆ ಒಂದು ಪಾಠವನ್ನು ಆರಿಸಿ, ಅದರ ಊಹೆಯ ಪ್ರಶ್ನೆಯನ್ನೂ ಅಳತೆಯ ಕೆಲಸವನ್ನೂ ಮೊದಲೇ ಬರೆದಿಟ್ಟುಕೊಂಡು ಚೆನ್ನಾಗಿ ನಡೆಸಿದರೆ ವರ್ಷದ ಕೊನೆಗೆ ಮುಂದಿನ ವರ್ಷಕ್ಕೂ ಸಾಕಾಗುವಷ್ಟು ಸಾಮಗ್ರಿ ಕೂಡಿರುತ್ತದೆ. ಅಳತೆಯ ಕೆಲಸವೇ ಹೊಳೆಯದ ಪಾಠಕ್ಕೆ ತೆರೆ ಬೇಡವೆಂದು ತಿಳಿಯುವುದು ಸುಲಭವಾದ ಒರೆಗಲ್ಲು.

ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಭಾರತದ ನಕ್ಷೆಯಲ್ಲಿ ಸ್ಥಳಗಳನ್ನು ಗುರುತಿಸುವ ಪ್ರಶ್ನೆ ಈಗಲೂ ಕಾಗದದ ಮೇಲೆಯೇ ಬರುತ್ತದೆ. ಅಲ್ಲಿ ಹಿಗ್ಗಿಸಲು ಕುಗ್ಗಿಸಲು ಗುಂಡಿಗಳಿರುವುದಿಲ್ಲ. ಆದುದರಿಂದ ಪ್ರತಿಯೊಂದು ತೆರೆಪಾಠದ ಕೊನೆಯ ಹತ್ತು ನಿಮಿಷ ಯಂತ್ರವನ್ನು ಆರಿಸಿ, ಅಂದು ನೋಡಿದ್ದನ್ನು ಖಾಲಿ ಹಾಳೆಯ ಮೇಲೆ ಪೆನ್ಸಿಲಿನಿಂದ ಬರೆಯಿಸತಕ್ಕದ್ದು. ಆ ಹಾಳೆಯಲ್ಲಿ ಉತ್ತರದಿಕ್ಕಿನ ಗುರುತು, ಪ್ರಮಾಣ, ಚಿತ್ರದ ದಿನಾಂಕ ಈ ಮೂರೂ ಇವೆಯೇ ಎಂದು ನೋಡಿ ಸಹಿ ಹಾಕಿ. ಇವಿಲ್ಲದ ಹಾಳೆಗಳು ಹೆಚ್ಚಾಗಿದ್ದರೆ ಮುಂದಿನ ಸಲ ತೋರಿಸುವುದನ್ನು ಕಡಮೆ ಮಾಡಿ ಅಳೆಯಿಸುವುದನ್ನು ಹೆಚ್ಚಿಸಿ.